ಸ್ಪಿತಿ ಹತ್ತಿದ ಎಮ್ಮೆ

ನಾನು ಹತ್ತಲು ಶುರು ಮಾಡಿದ ಗುಡ್ಡಗಳಿಗೆ ಲೆಕ್ಕವಿಲ್ಲ. ತುದಿ ಮುಟ್ಟಿದ ಗುಡ್ಡ ಮಾತ್ರ ಒಂದೂ ಇರಲಿಲ್ಲ. ಶಾಲೆಯ ಮಕ್ಕಳನ್ನು ಭೀಮಗಡದ ಗುಡ್ಡದ ಕೋಟೆಗೆ ಕರೆದೊಯ್ದಾಗ ಅರ್ಧ ದಾರಿಯಲ್ಲಿ ಕಲ್ಲೊಂದನ್ನು ಹುಡುಕಿ ಕೂತುಬಿಟ್ಟೆ. ಮಕ್ಕಳು ಚೀಲ, ನೀರಿನ ಬಾಟಲಿ, ಸ್ವೆಟರು ಎಲ್ಲವನ್ನೂ ನನ್ನ ಸುತ್ತ ಗುಡ್ಡೆ ಹಾಕಿ ಮೇಲಕ್ಕೆ ಓಡಿದರು. ಮುಂದಿನ ವರ್ಷಗಳಲ್ಲಂತೂ ಬಸ್ಸು ಹೊರಡುವ ಮೊದಲೇ ತೀರ್ಮಾನವಾಗಿರುತ್ತಿತ್ತು: "ಸಾಮಾನು ಅಕ್ಕೋರು ಕಾಯ್ತಾರ."

ತಮಾಷೆಯೆಂದರೆ, ಇಂಥ ನಾನು ಖಾನಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹಿಮಾಲಯವನ್ನು ಎಬ್ಬಿಸುತ್ತಿದ್ದೆ, ಗಂಟೆ ಹೊಡೆದ ಕೂಡಲೇ ಒರೆಸಿ ಕೈ ಜಾಡಿಸಿಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದೇ ಹಟ ಹಿಡಿದೆ. ಹಿಮಾಲಯದಲ್ಲಿ ಒಂದಾದರೂ ಎತ್ತರವನ್ನು ನನ್ನ ಕಾಲಿನಿಂದಲೇ ಮುಟ್ಟಬೇಕು. ಇಲ್ಲದಿದ್ದರೆ ಸ್ವರ್ಗಕ್ಕೆ ಹೋದರೂ ಬಾಗಿಲಾಚೆ ಸಾಮಾನು ಕಾಯುತ್ತ ಕೂರುವ ಕೆಲಸವೇ ಗತಿಯಾದೀತು ಎಂಬ ಹೆದರಿಕೆ ನನಗೆ.

ಹೀಗೆ ಸ್ಪಿತಿ ಕಣಿವೆಗೆ ಹೊರಟವರು ಐದು ಜನ. ನಾನು, ನಮ್ಮ ಮನೆಯವರು, ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಅವರೊಡನೆ ವಾಕಿಂಗ್ ಮಾಡುವ ಇಬ್ಬರು ಗೆಳೆಯರು, ಮತ್ತು ನಮ್ಮ ಶಾಲೆಯಲ್ಲಿ ಗುಮಾಸ್ತರಾಗಿದ್ದ ವಿಠೋಬಾ. ವಾಕಿಂಗ್‌ನ ಮೂವರಿಗೂ ಹೆಜ್ಜೆ ಎಣಿಸುವ ಕೈಗಡಿಯಾರವಿದೆ. ಯಾರ ಹೆಜ್ಜೆ ಜಾಸ್ತಿ ಎಂಬ ವಾದ ಚಹಾದಂಗಡಿಯವರೆಗೂ ನಡೆಯುತ್ತದೆ. ವಿಠೋಬಾ ಕಾಡಿನ ನಡುವಿನ ಕಣಕುಂಬಿ ಕಡೆಯವರು, ಎಮ್ಮೆ ಸಾಕುವ ಮನೆತನ. ಅವರ ಬಳಿ ಗಡಿಯಾರವೇ ಇಲ್ಲ.

ಸ್ಪಿತಿಯಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಹಸಿರು ಇಲ್ಲದಿರುವುದು. ನಮ್ಮ ಕಡೆ ಕಾಡಿನಲ್ಲಿ ಗುಡ್ಡ ಎಲ್ಲಿದೆಯೆಂದು ಹುಡುಕಬೇಕು. ಅಲ್ಲಿ ಗುಡ್ಡ ಒಂದು ಗರಿಕೆಯನ್ನೂ ಹೊದೆಯದೆ ನಿಂತುಬಿಟ್ಟಿದೆ. ತಾಬೋದಲ್ಲಿ ಸಾವಿರ ವರ್ಷದ ಮಣ್ಣಿನ ಗೋಡೆಯ ಬೌದ್ಧ ದೇವಾಲಯ ನೋಡಿದೆವು. ಒಳಗಿನ ಮಬ್ಬಿನಲ್ಲಿ ಬುದ್ಧರು ಸಾಲಾಗಿ ಕೂತಿದ್ದರು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ನನಗೆ ಬಹಳ ಸಮಾಧಾನವಾಯಿತು. ಕೂತು ಪೂಜೆ ಮಾಡಿಸಿಕೊಳ್ಳುವವರೂ ಇದ್ದಾರಲ್ಲ!

ಪರೀಕ್ಷೆ ಬಂದದ್ದು ಮರುದಿನ, ಢಂಕರ್‌ನಲ್ಲಿ. ಅಲ್ಲಿಯ ಮಠ ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೂತಿದೆ, ಹನ್ನೆರಡು ಸಾವಿರ ಅಡಿಗೂ ಮೇಲೆ. ಕೆಳಗೆ ಎರಡು ನದಿಗಳು ಕೂಡುತ್ತವೆ. ದಾರಿಯ ತಿರುವಿನಲ್ಲಿ ಕಲ್ಲು ಜರಿದು ಬಿದ್ದಿದ್ದರಿಂದ ಗಾಡಿ ನಿಂತಿತು. ಇನ್ನುಳಿದದ್ದು ನಡಿಗೆ. ವಾಕಿಂಗ್‌ನ ಮೂವರು ದಾಪುಗಾಲು ಹಾಕಿದರು. ಐವತ್ತು ಹೆಜ್ಜೆಗೆ ನನ್ನ ಎದೆ ಡೋಲು ಬಡಿಯತೊಡಗಿತು. ಅಭ್ಯಾಸಬಲ, ಕೂರಲು ಒಂದು ಕಲ್ಲು ಆಗಲೇ ಕಣ್ಣಿಗೆ ಬಿದ್ದಿತ್ತು. "ನೀ ಇಲ್ಲೇ ಕುಂದರು. ನಮ್ಮ ಬ್ಯಾಗ್ ನೋಡಕೋತಿರು" ಎಂದು ನಮ್ಮ ಮನೆಯವರು ಚೀಲ ಇಳಿಸಿಯೇಬಿಟ್ಟರು. ಅಳು ಬಂತು ಎಂದು ಹೇಳಲು ನಾಚಿಕೆಯೇನಿಲ್ಲ.

ಆಗ ವಿಠೋಬಾ ನಡುವೆ ಬಂದರು. "ಬ್ಯಾಗ್ ತಗೋರಿ ಸಾಹೇಬ್ರ. ಅಕ್ಕೋರು ಮುಂದ ನಡೀಲಿ, ನಾವೆಲ್ಲಾರೂ ಹಿಂದ."

"ಆಕಿ ಮುಂದ ನಡದ್ರ ಮುಟ್ಟೂದು ಯಾವಾಗ?"

"ನಮ್ಮ ಕಡೆ ಕಾಡಿನ್ಯಾಗ ದನಾ ಹೊಡಕೊಂಡು ಹೋಗೂವಾಗ ಹಿಂಗ ಮಾಡ್ತೀವ್ರಿ. ಎಲ್ಲಾಕ್ಕಿಂತ ಸಾವಕಾಶ ನಡಿಯೂ ಎಮ್ಮಿ ಮುಂದ. ಗಟ್ಟಿ ಎಮ್ಮಿ ಮುಂದ ಬಿಟ್ರ ಹಿಂಡು ಹರಿತೈತಿ. ಹಿಂದ ಉಳಿದದ್ದನ್ನ ಹುಲಿ ಒಯ್ತೈತಿ."

ಎಮ್ಮೆ ಎಂದದ್ದಕ್ಕೆ ಮೂವರೂ ನಕ್ಕರು, ಆದರೂ ಚೀಲ ಹೆಗಲಿಗೇರಿಸಿ ನನ್ನ ಹಿಂದೆ ನಿಂತರು. ಸಿಟ್ಟು ಮಾಡಲು ನನ್ನಲ್ಲಿ ಉಸಿರಿರಲಿಲ್ಲ. ಆದರೆ ಒಂದು ಸಂಗತಿ ಹೊಸದಾಗಿತ್ತು: ಎದುರಿಗೆ ಯಾರ ಬೆನ್ನೂ ಇರಲಿಲ್ಲ. ದೂರವಾಗುತ್ತ ಹೋಗುವ ಬೆನ್ನುಗಳನ್ನು ನೋಡಿ ನೋಡಿಯೇ ನಾನು ಜೀವನವಿಡೀ ಸೋತು ಕೂತದ್ದು ಎಂದು ಅಲ್ಲಿ ತಿಳಿಯಿತು. ಹತ್ತು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಹತ್ತು ಹೆಜ್ಜೆ. ನಾನು ನಿಂತರೆ ಎಲ್ಲರೂ ನಿಲ್ಲಬೇಕು. ಹಿಮಾಲಯವೂ ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದದ್ದು, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಂದಿಗೂ ಏಳುತ್ತಲೇ ಇದೆ ಎಂದು ಎಷ್ಟು ಸಲ ಪಾಠ ಮಾಡಿದ್ದೆ! ಅದಕ್ಕೇ ಅವಸರವಿಲ್ಲದಿದ್ದಾಗ ನನಗೇನು?

ಪಾಠದ ಜೊತೆ ಇನ್ನೊಂದು ನೆನಪೂ ಬಂತು, ಅದು ಅಷ್ಟು ಹಿತವಾದದ್ದಲ್ಲ. ತರಗತಿಯಲ್ಲಿ ನಾನು ಕೈ ಎತ್ತಿದವರ ಜೊತೆಗೇ ಅಕ್ಷಾಂಶ ರೇಖಾಂಶ ದಾಟಿ ಮುಂಗಾರಿನವರೆಗೆ ಓಡಿಬಿಡುತ್ತಿದ್ದೆ. ಕೊನೆಯ ಬೆಂಚಿನವರು ಎಲ್ಲಿ ಉಳಿದರೆಂದು ತಿರುಗಿ ನೋಡಿದ್ದು ಕಡಿಮೆ. ಅರ್ಧ ದಾರಿಯ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಹುಡುಗ ಹುಡುಗಿಯರಿಗೆಲ್ಲ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ಮತ್ತೆ ಹತ್ತು ಹೆಜ್ಜೆ ಹಾಕಿದೆ.

ಒಂದು ತಿರುವು ಮುಗಿದಾಗ ಎದುರಿಗೆ ಗುಡ್ಡವಿರಲಿಲ್ಲ. ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳು, ಸುಣ್ಣದ ಗೋಡೆ, ಗಿಡ್ಡ ಬಾಗಿಲು. ಮಠದ ಹೊಸ್ತಿಲನ್ನು ಐವರಲ್ಲಿ ಮೊದಲು ಮುಟ್ಟಿದವಳು ನಾನು. ಬಾಗಿಲಲ್ಲಿದ್ದ ಮುದುಕ ಲಾಮಾ ಕೈ ಮುಗಿದು ನಕ್ಕಾಗ, ಆ ನಗು ಪದಕ ಕೊಟ್ಟಂತೆಯೇ ಅನಿಸಿತು. ಗೆದ್ದೆ ಎಂದು ಕೂಗಬೇಕೆನಿಸಿತು, ಕೂಗಿಯೇಬಿಟ್ಟೆ. ಕೆಳಗಿನ ಕಣಿವೆ ಅದನ್ನು ತಿರುಗಿ ನನಗೇ ಹೇಳಿತು.

ಹಿಂದೆ ಬಂದ ನಮ್ಮ ಮನೆಯವರು ಕಂಬಕ್ಕೆ ಒರಗಿ ತಲೆ ಹಿಡಿದುಕೊಂಡರು. ಗಡಿಯಾರ ನೋಡುವುದನ್ನೂ ಮರೆತಿದ್ದರು. ಸ್ವಲ್ಪ ಸುಧಾರಿಸಿಕೊಂಡು, "ಇನ್ನೂ ಮ್ಯಾಲ ಒಂದು ಕೆರಿ ಐತಂತ" ಎಂದರು. ಮೊದಲ ಸಲ, ಕೂತಿರು ಎನ್ನಲಿಲ್ಲ. ನನ್ನ ಮುಖ ನೋಡಿದರು.

"ಹತ್ತು ಮಿನಿಟ್ ಕುಂದರ್ರಿ, ನಿಮಗ ದಮ್ಮು ಹತ್ತೈತಿ," ಎಂದೆ. "ಆಮ್ಯಾಲ ಸಾವಕಾಶ ನನ್ನ ಹಿಂದ ಬರ್ರಿ."