ಅಳಿಸುವ ಮುನ್ನ ಒಂದು ಕೂ

೧೯೮೮ರಲ್ಲಿ ನಾನು ಸಾಗರದ ಒಂದು ಅಡಿಕೆ ಮಾರಾಟ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಕೆಲಸ ತಾತ್ಕಾಲಿಕ. ಆಡಳಿತ ಮಂಡಳಿಯ ಅರ್ಧಕ್ಕರ್ಧ ಜನರಿಗೆ ಆ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ. ಒಂದು ಎಡವಟ್ಟಾದರೆ ಯಂತ್ರ ಮೂಲೆಗೆ, ನಾನು ಮನೆಗೆ.

ಅದು ಯುನಿಕ್ಸ್ ಯಂತ್ರ. ಕಪ್ಪು ಪರದೆಯ ಮೇಲೆ ಒಂದು ಡಾಲರ್ ಚಿಹ್ನೆ, ಅಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿಗೆ ಒಂದೊಂದು ಡೈರೆಕ್ಟರಿ, ಅಂದರೆ ಫೈಲುಗಳನ್ನಿಡುವ ಕೋಣೆ. ಮೂರರಲ್ಲೂ ಫೈಲುಗಳ ಹೆಸರು ಒಂದೇ. ಯಾವ ಕೋಣೆಯಲ್ಲಿದ್ದೇವೆಂದು ತಿಳಿಯಬೇಕಾದರೆ pwd ಎಂದು ಟೈಪ್ ಮಾಡಿ ಕೇಳಬೇಕು.

ನನ್ನೂರು ನಿಟ್ಟೂರು. ಅಲ್ಲಿ ಕಾಡಿಗೆ ಸೊಪ್ಪಿಗೆ ಹೋದವರು ಆಗಾಗ ‘ಕೂ’ ಹಾಕುತ್ತಾರೆ. ಮರುಗೂಗು ಬಂದ ದಿಕ್ಕಿನಿಂದ ತಾವೆಲ್ಲಿದ್ದೇವೆಂದು ತಿಳಿಯುತ್ತದೆ. ನನಗೆ pwd ಎಂದರೆ ಅದೇ. ಮಾತುಮಾತಿಗೂ ಒತ್ತುತ್ತಿದ್ದೆ.

ಕಾರ್ಯದರ್ಶಿ ಮಂಜಪ್ಪನವರಿಗೆ ನಗು. “ಎಂತದು ಮಾರಾಯ್ತಿ, ಕೂತಲ್ಲೇ ಕೂತು ಎಲ್ಲಿದೀನಿ ಅಂತ ಕೇಳ್ತೀಯಲ್ಲ?”

“ನಮ್ಮೂರ ಕೂ ಸರ್ ಇದು” ಎನ್ನುತ್ತಿದ್ದೆ.

ಒಂದು ಹರಾಜಿನ ಹಿಂದಿನ ದಿನ ಡಿಸ್ಕ್ ತುಂಬಿಹೋಯಿತು. ಜಾಗ ಮಾಡಲು ಸಾಗರದ ಹಳೆಯ ಫೈಲುಗಳನ್ನು ಅಳಿಸಬೇಕಿತ್ತು. ಆ ಡೈರೆಕ್ಟರಿಗೆ ಹೋಗಿ, ಯಂತ್ರವನ್ನು ಹಾಗೇ ಬಿಟ್ಟು ಊಟಕ್ಕೆ ಎದ್ದೆ. ಅಷ್ಟರಲ್ಲಿ ತೀರ್ಥಹಳ್ಳಿಯ ಬೆಳೆಗಾರರು ನಾಲ್ಕಾರು ಮಂದಿ ಬಂದಿದ್ದಾರೆ. ಬಂದವರನ್ನು ಸುಮ್ಮನೆ ಕಳಿಸುವ ಜಾಯಮಾನ ಮಂಜಪ್ಪನವರದಲ್ಲ. ಕಾಫಿಯಾಯಿತು, ಎಲೆಯಡಿಕೆಯ ಕವಳವಾಯಿತು, ನಾನೇ ಕಲಿಸಿದ್ದ ಕಮಾಂಡ್‌ಗಳಿಂದ ಅವರವರ ಹೆಸರನ್ನೂ ಪರದೆಯ ಮೇಲೆ ತೋರಿಸಿ ಬಸ್ಸು ಹತ್ತಿಸಿದರು. ನೆಂಟರು ಉಂಡೆದ್ದ ಮೇಲೆ ಎಲೆ ತೆಗೆದ ಹಾಗೆ ಪರದೆಯನ್ನೂ ಖಾಲಿ ಮಾಡಿಟ್ಟರು. ಇದೊಂದೂ ನನಗೆ ಗೊತ್ತಿಲ್ಲ.

ಊಟ ಮುಗಿಸಿ ಬಂದು ಕೂತೆ. “ಬೇಗ ಅಳ್ಸಮ್ಮ, ಬೆಳಿಗ್ಗೆ ಹರಾಜು” ಎಂದರು ಮಂಜಪ್ಪನವರು. ಅಳಿಸುವ ಕಮಾಂಡ್ ಟೈಪ್ ಮಾಡಿಯೂ ಆಗಿತ್ತು. ಎಂಟರ್ ಒತ್ತಲು ಮನಸ್ಸಾಗಲಿಲ್ಲ. ಸಾಲನ್ನು ತೆಗೆದು pwd ಒತ್ತಿದೆ.

“ಮತ್ತೆ ಶುರುವಾಯ್ತಾ?”

ಪರದೆಯಲ್ಲಿ ಬಂದ ಉತ್ತರ: /adike/thirthahalli. ಮರುದಿನ ಹರಾಜಿಗಿದ್ದ ತೀರ್ಥಹಳ್ಳಿಯ ಅಷ್ಟೂ ಲಾಟುಗಳ ವಿವರ ಅಲ್ಲಿತ್ತು. ಫ್ಲಾಪಿಗೆ ಇನ್ನೂ ಪ್ರತಿ ತೆಗೆದಿರಲಿಲ್ಲ. ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದೆ.

ಮಂಜಪ್ಪನವರು ಕುರ್ಚಿ ಎಳೆದು ಕೂತರು. “ನಾನೇ ಕಣಮ್ಮ ಅವ್ರಿಗೆ ತೋರ್ಸಕ್ಕೆ ಹೋಗಿದ್ದು. ಅವ್ರು ಬಸ್ ಹತ್ತಿದ್ರು, ನಾವು ತೀರ್ಥಹಳ್ಳೀಲೇ ಉಳ್ಕೊಂಡ್ವಿ.”

ಮರುದಿನದ ಹರಾಜು ಸರಾಗವಾಗಿ ನಡೆಯಿತು. ಮುಂದೆ ನನ್ನ ಕೆಲಸ ಕಾಯಂ ಆಯಿತು. ಅವರು ನಿವೃತ್ತರಾಗುವವರೆಗೂ, ಏನಾದರೂ ಅಳಿಸುವುದಿದ್ದರೆ ನನ್ನ ಬೆನ್ನ ಹಿಂದೆ ಬಂದು ನಿಂತು, “ಕೂ ಹಾಕಿದ್ಯಾ?” ಎಂದು ಕೇಳುತ್ತಿದ್ದರು.

ಕೈ ಚುರುಕಾಗಿದ್ದರೆ ಸಾಲದು, ಅಳಿಸುವ ಮೊದಲು ನಿಂತ ನೆಲ ಯಾವುದೆಂದು ಕೇಳಿಕೊಳ್ಳಬೇಕು. ಆ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಈಗಿನ ಪರದೆಗಳು ಕೇಳದೆಯೇ ಜಾಗ ತೋರಿಸುತ್ತವೆ. ಆದರೂ ನನ್ನ ಬೆರಳು pwd ಒತ್ತುತ್ತದೆ. ಉತ್ತರವೂ ಬರುತ್ತದೆ. ಬೆನ್ನ ಹಿಂದೆ ಕೇಳುವವರಿಲ್ಲ.