ಅಟೆಂಡರ್ ಪೋತಪ್ಪನ ಸಂಜೆಯ ಗಂಟೆ

ಪೋತಪ್ಪ ಕಲ್ಯಾಣದುರ್ಗದ ಕಡೆಯವನು. ಹಿಂದೂಪುರದಲ್ಲಿ ನಮ್ಮ ಬೀದಿಯ ಶಾಲೆಗೆ ಅಟೆಂಡರಾಗಿ ಬಂದ. ಶಾಲೆ ಬಿಟ್ಟ ಮೇಲೆ ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ತಾಯಂದಿರು ಹುಣಸೆ ಮಂಡಿಯಿಂದ ಬರುವ ತನಕ ಬೀದಿ ಅಲೆಯುವ ಮಕ್ಕಳನ್ನು ಜಗುಲಿಗೆ ಸೇರಿಸಿಕೊಳ್ಳುತ್ತಿದ್ದ.

ಪಾಠ ಹೇಳಲು ಅವನಿಗೆ ಬಾರದು, ಓದಿದ್ದೇ ಐದನೆಯ ತರಗತಿ. ಅವನು ಕಲಿಸಿದ್ದು ಬೇರೆ. ವಾರಕ್ಕೊಬ್ಬರು ಲೀಡರು. ಸಂಜೆಯ ಗಂಟೆ ಹೊಡೆಯುವ ಹಳೆಯ ಸುತ್ತಿಗೆ ಆ ವಾರವೆಲ್ಲ ಅವರ ಮನೆಯಲ್ಲೇ. ಜಗಳ ಬಿಡಿಸುವುದೂ ಅವರೇ. ಯಾರಾದರೂ ಮೂರು ದಿನ ಬರದಿದ್ದರೆ ಲೀಡರು ಅವರ ಮನೆಗೆ ಹೋಗಿ ದೊಡ್ಡವರನ್ನು ಕೇಳಬೇಕು. ದೊಡ್ಡವರು ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕಕೂಡದು. ಅವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳಿ, ಆಮೇಲೆ ತನ್ನ ಮಾತು.

ಎಂಬತ್ತೈದರಲ್ಲೋ ಏನೋ, ಲೀಡರಾಗಿದ್ದ ನಾರಮ್ಮಳೇ ಬರಲಿಲ್ಲ. ಅವಳ ಏಳನೆಯ ತರಗತಿ ಮುಗಿಯುತ್ತ ಬಂದಿತ್ತು. ಮಂಡಿಯಲ್ಲಿ ಮೂಟೆ ಹೊರುವ ಅವಳಪ್ಪ ಕದಿರಣ್ಣ, ಓದು ಸಾಕೆಂದು ಹುಣಸೆ ಬೀಜ ತೆಗೆಯಲು ಕೂರಿಸಿಬಿಟ್ಟಿದ್ದ. ನಾನು ಪಕ್ಕದ ಮನೆಯವಳು, ತಡೆಯಲಾರದೆ ಪೋತಪ್ಪನ ಹತ್ತಿರ ಹೋದೆ.

"ನೀನೇ ಬಂದು ಒಂದ್ಮಾತು ಹೇಳಪ್ಪ."

"ನಾನ್ ಹೇಳಿದ್ರೆ ನನ್ ಮಾತಾಯ್ತದೆ ಕಣಕ್ಕ. ಲೀಡ್ರು ಹೋಗ್ಬೇಕು."

"ಲೀಡ್ರು ಆ ಮನೇಲೇ ಅವ್ಳಲ್ಲಪ್ಪ!"

"ಹಂಗಾರೆ ದೂರ ನಡೀಬೇಕಾಗಿಲ್ಲ, ಬುಡು."

ಅಂದ ಮಾತನ್ನು ಹಾಗೇ ಹುಡುಗಿಯ ಕಿವಿಗೆ ಹಾಕಿದೆ. ಆ ಸುತ್ತಿಗೆಯಲ್ಲೇ ಹುಣಸೆಹಣ್ಣು ಕುಟ್ಟುತ್ತಿದ್ದವಳು ಎದ್ದಳು. ಕೈ ತೊಳೆದು, ಬೀದಿಗಿಳಿದು, ತನ್ನ ಮನೆಯ ಬಾಗಿಲಲ್ಲೇ ನಿಂತಳು.

"ಕದಿರಣ್ಣೋರೆ, ಒಳಕ್ ಬರ್ಬೋದಾ?"

ಕದಿರಣ್ಣ ಟೀ ಲೋಟ ಇಳಿಸಿದ. "ಏನೇ ಇದು? ನಾಟ್ಕ ಆಡ್ತೀಯಾ?"

"ನಾಟ್ಕ ಅಲ್ಲ. ಈ ವಾರದ ಲೀಡ್ರು ನಾನು. ನಿಮ್ ಮಗಳು ನಾರಮ್ಮ ಮೂರು ದಿನದಿಂದ ಬಂದಿಲ್ಲ. ಯಾಕೆ?"

ಅವಳ ತಾಯಿ ಗಂಗುಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕದಿರಣ್ಣ ನಗಲಿಲ್ಲ, ಬೈದ. ಹೈಸ್ಕೂಲು ಮಾರ್ಕೆಟ್ ದಾಟಿ ಐತೆ, ಒಂಟಿ ಹುಡುಗಿ ಹೆಂಗೆ ಹೋಯ್ತಾಳೆ, ಈ ಹುಣಸೆಹಣ್ಣು ಯಾರ್ ಬಿಡಿಸ್ತಾರೆ ಅಂತ ಬೈದೇ ಬೈದ. ನಾರಮ್ಮ ನಡುವೆ ಬಾಯಿ ಹಾಕಲಿಲ್ಲ. ಅವನು ಮುಗಿಸಿದ ಮೇಲೆ ಹೇಳಿದಳು:

"ಒಂಟಿ ಹೋಗೋದು ನಿಮ್ಗೆ ಭಯ. ಹುಣಸೆಹಣ್ಣು ಬಿಡಿಸೋಕೆ ಕೈ ಸಾಲಲ್ಲ. ಇಷ್ಟೇ ತಾನೆ ನೀವಂದಿದ್ದು?"

"ಹೂಂ. ಅಷ್ಟೇ."

"ನಮ್ ಬೀದಿಯಿಂದ ಪಾಪಕ್ಕ, ಮುನೆಮ್ಮ ಹೋಯ್ತಾರೆ. ಮೂರು ಜನ ಜೊತೇಲೇ ಹೋಗಿ ಬತ್ತಾರೆ. ಬೆಳಿಗ್ಗೆ ಎದ್ದು ಒಂದು ಬುಟ್ಟಿ ಬಿಡಿಸಿಟ್ಟೇ ಹೊರಡ್ತಾಳೆ ನಿಮ್ ಮಗಳು."

ತನ್ನ ಭಯವನ್ನು ಮಗಳ ಬಾಯಲ್ಲಿ ಕೇಳಿ ಕದಿರಣ್ಣನ ಸಿಟ್ಟು ಎಲ್ಲಿಗೆ ಹೋಯಿತೋ. ಹೆಂಡತಿಯ ಕಡೆ ತಿರುಗಿದ.

"ಲೀಡ್ರಮ್ಮಂಗೆ ಕುಡಿಯಾಕೆ ನೀರ್ ಕೊಡೇ. ನಾಳೆಯಿಂದ ಕಳಿಸ್ತೀನಿ ಅಂತ ನಿಮ್ ಮೇಷ್ಟ್ರಿಗೆ ಹೇಳಮ್ಮ."

"ಮೇಷ್ಟ್ರಲ್ಲಪ್ಪ, ಅಟೆಂಡ್ರು" ಎಂದು ನೀರನ್ನೂ ಕುಡಿಯದೆ, ಒಳಗಿದ್ದ ಸುತ್ತಿಗೆ ಎತ್ತಿಕೊಂಡು ಶಾಲೆಗೆ ಓಡಿದಳು.

ಗಂಟೆ ಕೇಳಿಸಿತು. ನಾನೂ ಹಿಂದೆಯೇ ಹೋಗಿ ಪೋತಪ್ಪನಿಗೆ ಎಲ್ಲ ಹೇಳಿದೆ. ಅವನು ಒಂದೇ ಕೇಳಿದ.

"ಅಪ್ಪ ಮಾತು ಮುಗ್ಸೋಗಂಟ ಕಾದ್ಲಾ?"

"ಕಾದ್ಲು ಕಣಪ್ಪ."

ಮೆಲ್ಲಗೆ ನಕ್ಕು, ಹುಣಸೆಹಣ್ಣು ಮೆತ್ತಿದ್ದ ಸುತ್ತಿಗೆಯನ್ನು ತೊಳೆಯಲು ನಲ್ಲಿಯ ಕಡೆ ಹೋದ.