ಮುಂಡಪ್ಪಣ್ಣನೂ ಮುಚ್ಚಿದ ಪೆಟ್ಟಿಗೆಯೂ

ಪಾಣೆಮಂಗಳೂರಿನಲ್ಲಿ ಮುಂಡಪ್ಪಣ್ಣನ ಕೈಯ ಅನ್ನ ಉಣ್ಣದವರು ಕಡಿಮೆ. ಪೇಟೆಯ ಊಟದ ಹೋಟೆಲೊಂದರಲ್ಲಿ ನಲವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಕುಚ್ಚಲಕ್ಕಿ ಬೇಯಿಸುವುದು. ಸಾರು, ಪಲ್ಯ, ಮೀನು ಎಲ್ಲ ಬೇರೆಯವರ ಪಾಲು. ಅನ್ನದ ಹಂಡೆಯ ಹತ್ತಿರ ಮಾತ್ರ ಇನ್ನೊಬ್ಬರು ಸುಳಿಯುವ ಹಾಗಿರಲಿಲ್ಲ. ಕುದಿಯುವ ಸದ್ದು ಕೇಳಿಯೇ ಅಕ್ಕಿ ಎಷ್ಟು ಬೆಂದಿದೆ ಎಂದು ಹೇಳುವಷ್ಟು ಪಳಗಿದ್ದರೂ, ಸದ್ದನ್ನು ನಂಬಿ ಸುಮ್ಮನೆ ಕೂತವರಲ್ಲ. ಐದು ನಿಮಿಷಕ್ಕೊಮ್ಮೆ ಮುಚ್ಚಳ ಸರಿಸಬೇಕು, ಸೌಟಿನಲ್ಲಿ ಮೂರು ಅಗುಳು ತೆಗೆಯಬೇಕು, ಎರಡು ಬೆರಳ ನಡುವೆ ಹಿಸುಕಬೇಕು. ಒಳಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಕಾಣದಿದ್ದರೆ ಗಂಜಿ ಬಸಿಯಬಹುದು. ಬಿಸಿ ಅಗುಳು ಹಿಸುಕಿ ಹಿಸುಕಿ ಆ ಎರಡು ಬೆರಳುಗಳ ತುದಿಗೆ ಬಿಸಿ ಎಂದರೇನೆಂದು ಮರೆತೇಹೋಗಿತ್ತು.

ಹೋದ ವರ್ಷ ಗಂಜಿ ಬಸಿಯುವಾಗ ತಲೆ ಸುತ್ತಿತು. ಹಂಡೆ ವಾಲಿ ಎಡಗಾಲು ಸುಟ್ಟಿತು. ಆಸ್ಪತ್ರೆಯಲ್ಲಿ ಕಾಲಿಗೆ ಮದ್ದು ಹಚ್ಚುವಾಗ ರಕ್ತ ಪರೀಕ್ಷೆಯೂ ಆಗಿ, ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಹೋಟೆಲಿನವರು ಮರ್ಯಾದೆಯಿಂದ ಶಾಲು ಹೊದೆಸಿ ಮನೆಗೆ ಕಳುಹಿಸಿದರು. ಶಾರ್ಜಾದಲ್ಲಿರುವ ಮಗ ಉಜ್ವಲ್ ಫೋನಿನಲ್ಲೇ ಮಾತು ತೆಗೆದುಕೊಂಡ: ಒಬ್ಬರೇ ಇರುವಾಗ ಅಪ್ಪ ಒಲೆ ಹಚ್ಚಬಾರದು. ಮುಂಡಪ್ಪಣ್ಣ ಒಪ್ಪಿದರು. ಕೊಟ್ಟ ಮಾತಿಗೆ ತಪ್ಪುವ ಜನ ಅವರಲ್ಲ. ಆದರೆ ಬೆಂಕಿಯಿಲ್ಲದ ಬೆಳಗನ್ನು ಹೇಗೆ ಕಳೆಯುವುದೆಂದು ಅವರಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಮುಂಡಪ್ಪಣ್ಣ ಮತ್ತು ಉಜ್ವಲನ ಹೆಂಡತಿ ಅಕ್ಷಿತಾ. ಅದೇ ಹೊತ್ತಿಗೆ ಅವಳಿಗೆ ಮೂಡುಬಿದಿರೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಓದು ಮುಗಿಸಿ ನಾಲ್ಕು ವರ್ಷ ಕಾದ ಮೇಲೆ ಸಿಕ್ಕ ಕೆಲಸ. ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಮಾವನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ, ಮಾತ್ರೆಯ ಹಿಂದೆಯೇ ಊಟ. ಕುಚ್ಚಲಕ್ಕಿಯೋ ಒಲೆಯ ಮೇಲೆ ಒಂದು ಗಂಟೆ ಕೂತರೂ ಹಟ ಬಿಡದ ಅಕ್ಕಿ. ಅದಕ್ಕೆ ಅವಳು ಪೇಟೆಯ ಅಬ್ದುಲ್ ಸಮದನ ಪಾತ್ರೆ ಅಂಗಡಿಯಿಂದ ಥರ್ಮಲ್ ಕುಕ್ಕರ್ ತಂದಳು.

ಕೆಂಪು ಬಣ್ಣದ, ಪೆಟ್ಟಿಗೆಯಂಥ ದೊಡ್ಡ ಡಬ್ಬಿ. ಅದರೊಳಗೆ ಬಿಸಿ ಹೊರಹೋಗದಂಥ ದಪ್ಪ ಗೋಡೆ, ಗೋಡೆಯ ನಡುವೆ ಒಂದು ಸ್ಟೀಲಿನ ಪಾತ್ರೆ. ಅಕ್ಕಿಯನ್ನು ಒಲೆಯ ಮೇಲೆ ಕಾಲು ಗಂಟೆ ಕುದಿಸಿ, ಪಾತ್ರೆಯನ್ನು ಹಾಗೆಯೇ ಡಬ್ಬಿಯೊಳಗೆ ಇಳಿಸಿ ಮುಚ್ಚಿದರೆ ಮುಗಿಯಿತು. ಉಳಿದದ್ದನ್ನು ಒಳಗಿನ ಬಿಸಿಯೇ ನೋಡಿಕೊಳ್ಳುತ್ತದೆ.

"ಹತ್ತು ಗಂಟೆಗೆ ತೆಗೆದು ಬಸಿದರೆ ಆಯ್ತು ಮಾವ. ಒಲೆ ಹಚ್ಚುವ ಕೆಲಸವೇ ಇಲ್ಲ," ಎಂದಳು ಅಕ್ಷಿತಾ.

"ಬೆಂಕಿ ಎಲ್ಲಿ ಉಂಟು ಇದರಲ್ಲಿ?"

"ಬೆಂಕಿ ಬೇಡ."

ಮುಂಡಪ್ಪಣ್ಣ ಡಬ್ಬಿಯ ಸುತ್ತ ಒಂದು ಸುತ್ತು ಬಂದರು. ಅಂಗೈ ಇಟ್ಟು ನೋಡಿದರು. ಹೊರಗೆ ತಣ್ಣಗಿತ್ತು. ಕಿವಿ ಹಚ್ಚಿದರು. ಸದ್ದಿಲ್ಲ. ಮೂಗು ಹಚ್ಚಿದರು. ವಾಸನೆಯೂ ಇಲ್ಲ. ನಲವತ್ತೊಂದು ವರ್ಷ ಅವರ ಜೊತೆ ಮಾತಾಡುತ್ತಿದ್ದ ಅಕ್ಕಿ ಈ ಡಬ್ಬಿಯೊಳಗೆ ಬಾಯಿ ಮುಚ್ಚಿ ಕೂತಿತ್ತು. ಒಳಗೆ ಏನು ನಡೆಯುತ್ತಿದೆ? ಈ ಪ್ರಶ್ನೆ ತಲೆ ಹೊಕ್ಕಿತೆಂದರೆ ಹೋಟೆಲಿನ ಅಡುಗೆಯವನಿಗೆ ಪೇಪರು ಓದಲಿಕ್ಕೂ ಮನಸ್ಸು ಬರುವುದಿಲ್ಲ.

ಅಕ್ಷಿತಾಳ ಬಸ್ಸು ತಿರುವು ದಾಟಿತೋ ಇಲ್ಲವೋ, ಅವರು ಮುಚ್ಚಳ ತೆಗೆದರು. ಆವಿ ಮುಖಕ್ಕೆ ಬಡಿಯಿತು. ಎಷ್ಟೋ ತಿಂಗಳ ಮೇಲೆ ಬಡಿದ ಆವಿ, ಅವರಿಗೆ ನಿಜವಾಗಿ ಖುಷಿಯಾಯಿತು. ಮೂರು ಅಗುಳು ಹಿಸುಕಿದರು. ನಡುವೆ ಬಿಳಿ ಚುಕ್ಕೆ. ಮುಚ್ಚಿದರು. ಎಂಟು ಗಂಟೆಗೆ ಇನ್ನೊಮ್ಮೆ. ಎಂಟೂವರೆಗೆ ಮತ್ತೊಮ್ಮೆ. ಹತ್ತಕ್ಕೆ ಬಸಿಯುವಾಗಲೂ ಚುಕ್ಕೆ ಇದ್ದ ಹಾಗೆಯೇ ಇತ್ತು. ಮಧ್ಯಾಹ್ನ ಊಟಕ್ಕೆ ಕೂತರೆ ಕಟ್ಟಿಸಿದ ಹಲ್ಲಿಗೆ ಕಲ್ಲು ಕಡಿದ ಅನುಭವ.

"ನಾನು ಹೇಳಲಿಲ್ಲವಾ, ಬೆಂಕಿ ಇಲ್ಲದೆ ಆಗ್ತದಾ?" ಎಂದು ಸಂಜೆ ಸೊಸೆಗೆ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಗೆದ್ದ ಸಂತೋಷವೂ ಇತ್ತು. ಅದನ್ನು ಮುಚ್ಚಿಡುವುದು ಬೇಡ.

ಅಕ್ಷಿತಾ ಸೋಲುವವಳಲ್ಲ. ಪ್ರಯೋಗಾಲಯದಲ್ಲಿ ಕಲಿತದ್ದನ್ನು ಅಡುಗೆಕೋಣೆಗೆ ತಂದಳು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಗೋಡೆಯ ಕ್ಯಾಲೆಂಡರೇ ಪುಸ್ತಕವಾಯಿತು. ಮಂಗಳವಾರ ನೀರು ಹೆಚ್ಚು: ಗಟ್ಟಿ. ಬುಧವಾರ ಕುದಿ ಇಪ್ಪತ್ತು ನಿಮಿಷ: ಗಟ್ಟಿ. ಗುರುವಾರ ಅಕ್ಕಿ ರಾತ್ರಿಯೇ ನೆನೆಹಾಕಿದ್ದು: ಸ್ವಲ್ಪ ಗಟ್ಟಿ. ಶುಕ್ರವಾರ ಬೇರೆ ಮಿಲ್ಲಿನ ಅಕ್ಕಿ: ಗಟ್ಟಿ. ಭಾನುವಾರ, ಅವಳು ಮನೆಯಲ್ಲೇ ಇದ್ದ ದಿನ: ಚೆನ್ನಾಗಿದೆ.

ಆ ಭಾನುವಾರದ ಅನ್ನ ಉಂಡು ಮುಂಡಪ್ಪಣ್ಣ ಬೆರಗಾದರು. ಅಗುಳು ಬಿಡಿಬಿಡಿ, ನಡುವೆ ಚುಕ್ಕೆಯಿಲ್ಲ, ಅಂಚು ಒಡೆದಿಲ್ಲ. ಅವರ ಹಂಡೆಯ ಅನ್ನಕ್ಕೂ ಅಷ್ಟು ಸಮನಾದ ಬೇಯುವಿಕೆ ವರ್ಷಕ್ಕೆ ನಾಲ್ಕು ದಿನ ಬರುತ್ತಿತ್ತು ಅಷ್ಟೇ. ಹಾಗಾದರೆ ಬೆಂಕಿಯಿಲ್ಲದೆಯೂ ಅನ್ನವಾಗುತ್ತದೆ. ಹೇಗೆ? ಅವರ ಕುತೂಹಲ ಇಮ್ಮಡಿಯಾಯಿತು. ಸೋಮವಾರ ನಾಲ್ಕು ಸಲ ಮುಚ್ಚಳ ತೆಗೆದರು.

ಅಕ್ಷಿತಾ ಬೇರೆಯೇ ಲೆಕ್ಕ ಹಾಕಿದಳು. ಭಾನುವಾರ ತಾನು ನಿಧಾನವಾಗಿ ಕುದಿಸುತ್ತೇನೆ, ಉಳಿದ ದಿನ ಬಸ್ಸಿನ ಗಡಿಬಿಡಿ, ತಪ್ಪು ತನ್ನದೇ. ಮರುದಿನದಿಂದ ಮುಂಜಾನೆ ನಾಲ್ಕೂವರೆಗೇ ಏಳತೊಡಗಿದಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿ, ಸಿದ್ಧಕಟ್ಟೆ ದಾಟಿದ್ದೂ ಗೊತ್ತಾಗುತ್ತಿರಲಿಲ್ಲ.

ಎರಡನೆಯ ಶನಿವಾರ ಕಾಲೇಜಿಗೆ ರಜೆ. ಡಬ್ಬಿಯನ್ನು ಆಟೊದಲ್ಲಿ ಹೇರಿಕೊಂಡು ಇಬ್ಬರೂ ಅಬ್ದುಲ್ ಸಮದನ ಅಂಗಡಿಗೆ ಹೋದರು. ಸಮದ್ ಮುಚ್ಚಳದ ಅಂಚು ಸವರಿ ನೋಡಿದ. ಬಿರುಕಿಲ್ಲ, ಸಡಿಲವಿಲ್ಲ.

"ಡಬ್ಬಿ ಸರಿ ಉಂಟು ಅಕ್ಕ. ನಡುವಿನಲ್ಲಿ ಯಾರಾದ್ರೂ ಮುಚ್ಚಳ ತೆಗೀತಾರಾ? ಒಮ್ಮೆ ತೆಗೆದ್ರೆ ಬಿಸಿ ಹೋಯ್ತು. ಮತ್ತೆ ಕಾಯಿಸ್ಲಿಕ್ಕೆ ಅದ್ರೊಳಗೆ ಬೆಂಕಿ ಇಲ್ಲವಲ್ಲ."

"ಯಾರು ತೆಗೀತಾರೆ? ಮನೆಯಲ್ಲಿ ಮಾವ ಒಬ್ಬರೇ. ಅನ್ನದ ವಿಷಯ ಅವರಿಗಿಂತ ಗೊತ್ತಿದ್ದವರು ಯಾರು?" ಎಂದಳು ಅಕ್ಷಿತಾ.

ಮುಂಡಪ್ಪಣ್ಣ ಅಂಗಡಿಯ ಮೂಲೆಯ ಇಡ್ಲಿ ಪಾತ್ರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕಿವಿ ಬಿಸಿಯಾಗಿತ್ತು. ಹಂಡೆಯ ಕೆಳಗೆ ಬೆಂಕಿ ಇರುವಾಗ ಮುಚ್ಚಳ ತೆಗೆದರೇನು, ಬಿಟ್ಟರೇನು, ಹೋದ ಬಿಸಿಯನ್ನು ಸೌದೆ ಮತ್ತೆ ತುಂಬಿಸಿಕೊಡುತ್ತದೆ. ಇಲ್ಲಿ ತುಂಬಿಸಿಕೊಡುವವರಿಲ್ಲ. ಇಷ್ಟು ಸಣ್ಣ ವಿಷಯ ಅವರಿಗೆ ಹೊಳೆದಿರಲಿಲ್ಲ. ಆಗಲೇ ಬಾಯಿ ಬಿಡಬಹುದಿತ್ತು. ಆದರೆ ಸಮದನ ಎದುರು, ಸೊಸೆ ಅಂಥ ಮಾತು ಹೇಳಿದ ಮರುಗಳಿಗೆಯಲ್ಲಿ, ಮರ್ಯಾದೆ ಅಡ್ಡ ಬಂತು. ಇನ್ನು ತೆಗೆಯದಿದ್ದರೆ ಆಯಿತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸೋಮವಾರ ಎಂಟು ಗಂಟೆಯ ತನಕ ಕೈಕಟ್ಟಿ ಕೂತರು. ಎಂಟೂ ಐದಕ್ಕೆ ಕೈ ತಾನಾಗಿ ಹೋಯಿತು. ಒಂದು ಬೆರಳಷ್ಟು ಸಂದಿ ಮಾತ್ರ ಎಂದುಕೊಂಡರು. ಒಂದು ಬೆರಳ ಸಂದಿಯಿಂದ ಅಗುಳು ತೆಗೆಯಲು ಆಗುವುದಿಲ್ಲ. ಪೂರ್ತಿ ತೆಗೆದರು. ಮಂಗಳವಾರವೂ ಅದೇ ಕಥೆ. ಕುಡಿತ ಬಿಡುತ್ತೇನೆಂದು ಆಣೆ ಹಾಕುವವರನ್ನು ಜೀವನವಿಡೀ ತಮಾಷೆ ಮಾಡಿದ್ದ ಮನುಷ್ಯನಿಗೆ ಅವರ ಕಷ್ಟ ಈಗ ಅರ್ಥವಾಯಿತು.

ಬುಧವಾರ ಮಧ್ಯಾಹ್ನ ಮಾತ್ರೆ ನುಂಗಿ, ಗಟ್ಟಿ ಅನ್ನ ಎರಡು ತುತ್ತು ಜಗಿದು, ಆಗದೆ ತಟ್ಟೆ ಸರಿಸಿದರು. ಮಾತ್ರೆಯ ಹಿಂದೆ ಊಟ ಬೀಳದೆ ಎರಡು ಗಂಟೆಗೆ ಅಂಗಳದ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂತು. ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಜೈನಬಮ್ಮ ನೋಡಿ ಓಡಿ ಬಂದು, ಸಕ್ಕರೆ ನೀರು ಕುಡಿಸಿ, ಅಕ್ಷಿತಾಳಿಗೆ ಫೋನು ಮಾಡಿದರು. ಅವಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಳು. ಬೈಯಲಿಲ್ಲ, ಅಳಲಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕೈಚೀಲದಲ್ಲಿಟ್ಟಳು.

"ಏನದು ಮಗಾ?"

"ಕೆಲಸ ಬಿಡ್ತೇನೆ ಅಂತ ಅರ್ಜಿ. ನಾಡಿದ್ದು ಶುಕ್ರವಾರ ಕೊಡ್ತೇನೆ. ನಾನು ಮನೆಯಲ್ಲಿದ್ದ ದಿನ ಅನ್ನ ಸರಿ ಆಗ್ತದಲ್ಲ ಮಾವ. ಮತ್ತೆ ಯೋಚನೆ ಮಾಡ್ಲಿಕ್ಕೆ ಏನುಂಟು?"

ಮುಂಡಪ್ಪಣ್ಣ ಗುರುವಾರ ಇಡೀ ದಿನ ಹೇಳುತ್ತೇನೆ ಹೇಳುತ್ತೇನೆ ಎಂದುಕೊಂಡೇ ಕಳೆದರು. ಅಂದೂ ಮುಚ್ಚಳ ತೆಗೆದರು, ಒಂದೇ ಸಲ. ತೆಗೆದು, ಕೈಯಲ್ಲಿ ಅಗುಳು ಹಿಡಿದುಕೊಂಡು, ತಮ್ಮ ಮೇಲೆ ತಮಗೇ ಅಸಹ್ಯಪಟ್ಟರು. ಹುಡುಗಿ ನಾಲ್ಕು ವರ್ಷ ಕಾದ ಕೆಲಸ ಈ ಎರಡು ಬೆರಳ ಚಾಳಿಯಿಂದ ಹೋಗುತ್ತಿದೆ.

ಶುಕ್ರವಾರ ಅಕ್ಷಿತಾ ಹೊರಟ ಕೂಡಲೇ ಅವರು ಅಂಗಿ ಹಾಕಿದರು. ಬಾಗಿಲಿಗೆ ಬೀಗ ಹಾಕಿ ಕೊಡೆ ಹಿಡಿದು ಮನೆಯಿಂದಲೇ ಹೊರಬಿದ್ದರು. ಪೆಟ್ಟಿಗೆಯ ಹತ್ತಿರ ಇದ್ದರೆ ತಾನೇ ಕೈ ಹೋಗುವುದು? ನಡೆದು ನಡೆದು ನೇತ್ರಾವತಿಯ ಹಳೆಯ ಸೇತುವೆಗೆ ಬಂದರು. ಕೆಳಗೆ ನೀರು ನೋಡಿದರು. ಎಂಟಾಯಿತು. ಈಗ ಅಕ್ಕಿ ನೀರು ಕುಡಿದು ದಪ್ಪವಾಗುತ್ತಿರಬೇಕು. ಎಂಟೂವರೆ. ಈಗ ಚುಕ್ಕೆ ಸಾಸಿವೆಯಷ್ಟು ಇರಬಹುದು. ಕಣ್ಣಿಲ್ಲದೆ, ಕೈಯಿಲ್ಲದೆ, ಬರೀ ತಲೆಯೊಳಗೆ ಅವರು ಅನ್ನ ಬೇಯಿಸತೊಡಗಿದರು. ಇದು ಅವರಿಗೆ ಹೊಸ ಆಟ. ಗುರುತಿನವರು ಬಂದು ಏನು ಮುಂಡಪ್ಪಣ್ಣ ಇಲ್ಲಿ ಎಂದು ಕೇಳಿದ್ದಕ್ಕೆ, "ಅನ್ನ ಇಟ್ಟು ಬಂದಿದ್ದೇನೆ," ಎಂದರು. ಕೇಳಿದವರು ಒಮ್ಮೆ ಅವರನ್ನೂ ಒಮ್ಮೆ ಹೊಳೆಯನ್ನೂ ನೋಡಿ ಮುಂದೆ ಹೋದರು.

ಹತ್ತು ಗಂಟೆಗೆ ಮನೆಗೆ ಬಂದು ಮುಚ್ಚಳ ತೆಗೆದರು. ಹಿಸುಕಿದ ಮೂರು ಅಗುಳಲ್ಲೂ ಚುಕ್ಕೆಯಿರಲಿಲ್ಲ. ಗಂಜಿ ಬಸಿಯುವ ಮೊದಲೇ ಫೋನು ತೆಗೆದುಕೊಂಡರು.

"ಅರ್ಜಿ ಕೊಟ್ಟೆಯಾ ಮಗಾ?"

"ಇಲ್ಲ, ಪ್ರಿನ್ಸಿಪಾಲರು ಇನ್ನೂ ಬರಲಿಲ್ಲ. ಏನಾಯ್ತು ಮಾವ, ತಲೆ ಸುತ್ತುತ್ತದಾ?"

"ಅನ್ನ ಬೆಂದಿದೆ. ಇವತ್ತು ನಾನು ಮುಚ್ಚಳ ತೆಗೆಯಲಿಲ್ಲ. ಇಷ್ಟು ದಿನ ತೆಗೆದದ್ದು ನಾನೇ. ದಿನಾ."

ಆ ಕಡೆ ಗಾಜಿನ ಸಾಮಾನು ಕೆಳಗಿಟ್ಟದ್ದು ಕೇಳಿಸಿತು.

"ಎರಡು ವಾರ ನಾಲ್ಕೂವರೆಗೆ ಎದ್ದಿದ್ದೇನೆ ಮಾವ," ಎಂದಳು ಅಕ್ಷಿತಾ. "ಕ್ಯಾಲೆಂಡರಿನಲ್ಲಿ ಬರೀವಾಗ ನೀವು ಹಿಂದೆ ನಿಂತು ನೋಡ್ತಿದ್ರಿ."

"ಹೌದು."

"ಒಂದು ಮಾತು ಹೇಳಬಹುದಿತ್ತು."

"ಹೇಳಬೇಕಿತ್ತು. ನಾಚಿಕೆ ಆಯ್ತು. ಒಳಗೆ ಏನಾಗ್ತದೆ ಅಂತ ನೋಡದೆ ಇರ್ಲಿಕ್ಕೆ ನನಗೆ ಗೊತ್ತಿಲ್ಲ ಮಗಾ. ಬೇರೆ ಏನೂ ಗೊತ್ತಿಲ್ಲ ನನಗೆ."

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕೇಳಿದಳು:

"ಅನ್ನ ಹೇಗೆ ಆಗಿದೆ?"

ಹೋಟೆಲು ಬಿಟ್ಟ ಮೇಲೆ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಮುಂಡಪ್ಪಣ್ಣ ಕಣ್ಣೊರೆಸಿಕೊಂಡು ಇನ್ನೊಂದು ಅಗುಳು ಹಿಸುಕಿದರು. "ಒಳ್ಳೆದಾಗಿದೆ. ನೀನು ಇಪ್ಪತ್ತೈದು ನಿಮಿಷ ಕುದಿಸಿದ್ದು ಜಾಸ್ತಿ ಆಯ್ತು. ಹದಿನೈದು ಸಾಕು. ಐದೂವರೆಗೆ ಎದ್ದರೆ ಧಾರಾಳ."

ಆ ಅರ್ಜಿ ಸಂಜೆ ಕೈಚೀಲದಲ್ಲೇ ಮನೆಗೆ ಬಂತು. ಅದರ ಹಿಂಬದಿ ಖಾಲಿ ಇತ್ತು. ಅಕ್ಷಿತಾ ಪೆನ್ನು ಹಿಡಿದು ಕೂತಳು. "ಅನ್ನ ಆಯ್ತು. ಹುರುಳಿ ಇಡುವನಾ ಮಾವ? ಎಷ್ಟು ಹೊತ್ತು ಬೇಕು?"

ಮುಂಡಪ್ಪಣ್ಣ ಯೋಚಿಸಿದರು. ರಾತ್ರಿ ನೆನೆಹಾಕಿದ ಹುರುಳಿ, ಅರ್ಧ ಗಂಟೆ ಕುದಿ, ಮಧ್ಯಾಹ್ನದ ತನಕ ಪೆಟ್ಟಿಗೆ. ಉಪ್ಪು ಕೊನೆಗೆ. ಬರೆದುಕೊಂಡಳು. ಹುರುಳಿಯ ಹಿಂದೆ ಕಡಲೆ ಬಂತು, ಕಡಲೆಯ ಹಿಂದೆ ಹಲಸಿನ ಬೀಜ, ಹೆಸರುಕಾಳಿನ ಗಂಜಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರು. ಅಲಸಂಡೆ ಕಾಳು ಕರಗಿ ಮುದ್ದೆಯಾದದ್ದನ್ನೂ ಬರೆದಿಟ್ಟರು. ಅಕ್ಷಿತಾಳ ಕೆಲಸ ಈಗ ಕಾಯಂ ಆಗಿದೆ. ಏಳೂಕಾಲರ ಬಸ್ಸಿನ ಹೆಂಗಸರಲ್ಲಿ ಐದಾರು ಜನರ ಮನೆಗೆ ಕೆಂಪು ಡಬ್ಬಿ ಬಂದಿದೆ. ಸೀಟಿಗೆ ಕೂತ ಕೂಡಲೇ ಅವರು ಕೇಳುವುದು, ನಿನ್ನ ಮಾವ ಈ ವಾರ ಏನು ಇಟ್ಟರು ಎಂದು.

ಇಷ್ಟಾಗಿಯೂ ಮುಂಡಪ್ಪಣ್ಣನ ಬೆರಳುಗಳ ಮೇಲೆ ಮುಂಡಪ್ಪಣ್ಣನಿಗೆ ನಂಬಿಕೆ ಬಂದಿಲ್ಲ. ಸೊಸೆಯ ಹಿಂದೆಯೇ ಅವರೂ ಹೊರಡುತ್ತಾರೆ. ಬೀಗ ಹಾಕಿ ಬೀಗದ ಕೈಯನ್ನು ಜೈನಬಮ್ಮನಿಗೆ ಕೊಡುತ್ತಾರೆ. ಹತ್ತರ ತನಕ, ಹುರುಳಿಯೋ ಹೊಸದೇನಾದರೋ ಇಟ್ಟ ದಿನ ಹನ್ನೆರಡರ ತನಕ, ಯಾರು ಕೇಳಿದರೂ ಕೊಡಬಾರದೆಂದು ಅವರದೇ ಅಪ್ಪಣೆ.

ಮೊನ್ನೆ ಮೊದಲ ಸಲ ಬಿದಿರಕ್ಕಿಯ ಗಂಜಿ ಇಟ್ಟ ದಿನ, ಸೇತುವೆಯಿಂದ ಒಂಬತ್ತಕ್ಕೇ ವಾಪಸು ಬಂದು ಜಗಲಿಯ ಎದುರು ನಿಂತರು.

"ಬೀಗದ ಕೈ ಕೊಡಿ ಜೈನಬಮ್ಮ. ಕನ್ನಡಕ ಒಳಗೆ ಬಾಕಿ ಆಯ್ತು."

ಜೈನಬಮ್ಮ ಬೀಡಿಯ ಎಲೆಯಿಂದ ತಲೆ ಎತ್ತಲಿಲ್ಲ. "ಕನ್ನಡಕ ನಿಮ್ಮ ಮೂಗಿನ ಮೇಲೆಯೇ ಉಂಟು ಮುಂಡಪ್ಪಣ್ಣ. ಇನ್ನೂ ಮೂರು ಗಂಟೆ ಉಂಟು, ಕೂತುಕೊಳ್ಳಿ."

ಮುಂಡಪ್ಪಣ್ಣ ಕೊಡೆಯನ್ನು ಗೋಡೆಗೆ ಒರಗಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ತಮ್ಮ ಮನೆಯ ಮುಚ್ಚಿದ ಬಾಗಿಲನ್ನು ನೋಡತೊಡಗಿದರು.